ತಲೆಯಾಡಿಸದ ವಿದ್ಯಾರ್ಥಿನಿ

ಅರ್ಥವಾಗದ ಮಾತಿಗೂ ತಲೆಯಾಡಿಸುವುದು ಮನುಷ್ಯಮಾತ್ರರಿಗೆಲ್ಲ ಒಲಿದ ವಿದ್ಯೆ. ಅದಿಲ್ಲದಿದ್ದರೆ ಸಭೆಗಳು ಮುಗಿಯುತ್ತಿರಲಿಲ್ಲ, ಸಂಸಾರಗಳು ಉಳಿಯುತ್ತಿರಲಿಲ್ಲ, ಕಾಲೇಜುಗಳಂತೂ ಒಂದು ವಾರವೂ ನಡೆಯುತ್ತಿರಲಿಲ್ಲ. ಐವತ್ತು ದಾಟಿದ ಮೇಲೆ ಭೌತಶಾಸ್ತ್ರದ ತರಗತಿಗೆ ಬಂದು ಮೊದಲ ಬೆಂಚಿನಲ್ಲಿ ಕುಳಿತ ಈ ಹೆಂಗಸು ಆ ವಿದ್ಯೆಯನ್ನು ಪಣತೊಟ್ಟು ಮರೆತಿದ್ದರು. ಪಾಠದ ನಡುವೆ ಅವರ ಕತ್ತು ಗೂಟ ಹೊಡೆದಂತೆ ನೆಟ್ಟಗೆ ನಿಂತಿತೆಂದರೆ ಕೈ ಮೇಲೇಳುವುದು ಖಂಡಿತ. "ಅಲ್ಲಾ ಸರ್, ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಹೇಳಿ." ಹುಡುಗರು ಅವರಿಗೆ 'ಇನ್ನೊಂದ್ಸಲ ಆಂಟಿ' ಎಂದು ಹೆಸರಿಟ್ಟರು. ಅದು ಕಿವಿಗೆ ಬಿದ್ದಾಗ, "ಇರ್ಲಿ ಬಿಡ್ರೋ, ಇದಕ್ಕಿಂತ ಕೆಟ್ಟ ಹೆಸರು ನಮ್ಮತ್ತೆ ಇಟ್ಟಿದ್ರು" ಎಂದು ನಕ್ಕುಬಿಟ್ಟರು.

ಕಾಲೇಜು ಅವರಿಗೆ ಹೊಸದಲ್ಲ. ಹರೆಯದಲ್ಲಿ ಇದೇ ವಿಷಯ ಓದುತ್ತಿದ್ದಾಗ ಮದುವೆ ನಿಶ್ಚಯವಾಗಿ, "ಆಮೇಲೆ ಓದಿಕೊಂಡರಾಯಿತು" ಎಂದು ಹಿರಿಯರೆಲ್ಲ ಸಮಾಧಾನ ಹೇಳಿದ್ದರು. ಆ 'ಆಮೇಲೆ' ಬರುವುದಕ್ಕೆ ಮೂವತ್ತು ವರ್ಷ ಹಿಡಿಯಿತು. ಅಷ್ಟೂ ಕಾಲ ವೈದ್ಯರೊಬ್ಬರ ಕ್ಲಿನಿಕ್ಕಿನ ಮುಂಗೋಣೆಯಲ್ಲಿ ಮೇಜಿನ ಹಿಂದೆ ಕುಳಿತು, ವೈದ್ಯರು ಗದರಿದರೆ ಹ್ಞೂಂ, ರೋಗಿಗಳು ಗೋಳಾಡಿದರೆ ಹ್ಞೂಂ ಎನ್ನುವುದೇ ಅವರ ಉದ್ಯೋಗವಾಗಿತ್ತು. ಒಮ್ಮೆ ಎಕ್ಸ್‌ರೇ ಕೋಣೆಯಿಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದ ಮುದುಕನೊಬ್ಬ, "ಅದೇನಮ್ಮಾ ನನ್ನೊಳಗೆ ಹಾದು ಹೋಗಿದ್ದು?" ಎಂದು ಕೇಳಿದ. "ಬೆಳಕು ತಾತ" ಎಂದರು. "ಮತ್ತೆ ನಂಗೆ ಕಾಣ್ಲೇ ಇಲ್ವಲ್ಲ!" ಅದಕ್ಕೂ ತಲೆಯಾಡಿಸಿದರು. ಮುದುಕ ನಿಶ್ಚಿಂತನಾಗಿ ಹೋದ. ಇವರಿಗೆ ಮಾತ್ರ ಅಂದು ಊಟ ಸೇರಲಿಲ್ಲ. ವೈದ್ಯರು ವಯಸ್ಸಾಗಿ ಕ್ಲಿನಿಕ್ಕಿನ ಬಾಗಿಲು ಮುಚ್ಚಿದ ತಿಂಗಳೇ ಈಕೆ ಕಾಲೇಜು ಸೇರಿದರು.

ಮೊಣಕಾಲು ಕೈಕೊಟ್ಟಿದ್ದರಿಂದ ಮೆಟ್ಟಿಲುಗಳನ್ನು ಅಡ್ಡಡ್ಡವಾಗಿ ಹತ್ತುತ್ತಿದ್ದರು, ಒಂದು ಕೈ ಕಟಾಂಜನಕ್ಕೆ, ಇನ್ನೊಂದು ಎದೆಗವಚಿದ ಪುಸ್ತಕಗಳಿಗೆ. ಪ್ರಯೋಗಾಲಯದಲ್ಲಿ ಹುಡುಗರ ಗರಿಗರಿ ಹೊಸ ಕೋಟುಗಳ ನಡುವೆ ಇವರದು ಕ್ಲಿನಿಕ್ಕಿನ ಹಳೆಯ ಬಿಳಿ ಕೋಟು. ಅದರ ಜೇಬಿನಲ್ಲಿ ಎಷ್ಟು ಒಗೆದರೂ ಹೋಗದ ಶಾಯಿಯ ಕಲೆ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಯುವ ಅಧ್ಯಾಪಕರಿಗೆ ಮೊದಮೊದಲು ಇವರನ್ನು ಕಂಡರೆ ಮೈಯುರಿ. "ಈ ವಯಸ್ಸಲ್ಲಿ ಪಾಸಾದ್ರೆ ಸಾಕಲ್ವೇನಮ್ಮಾ?" ಎಂದು ಒಂದು ದಿನ ರೇಗಿದರು. "ಪಾಸಾಗೋದಷ್ಟೇ ಆಗಿದ್ರೆ ಗೈಡ್ ಇಟ್ಕೊಂಡು ಮನೇಲೇ ಬಾಯಿಪಾಠ ಹೊಡೀತಿದ್ದೆ ಸರ್" ಎಂದು ಉತ್ತರ ಬಂತು. ಬರಬರುತ್ತ, ತಮಗೆ ಕೇಳಲು ನಾಚಿಕೆಯಾದದ್ದನ್ನೆಲ್ಲ ಹುಡುಗರು ಹಿಂದಿನಿಂದ ತಿವಿದು ಇವರಿಂದ ಕೇಳಿಸಲು ನೋಡಿದರು. ಅದೂ ನಡೆಯಲಿಲ್ಲ. "ನಂಗೆ ಅರ್ಥ ಆಗಿದೆ. ನಿಂಗೆ ಬಾಯಿಲ್ವಾ?" ಎಂದುಬಿಡುತ್ತಿದ್ದರು. ವಿಧಿಯಿಲ್ಲದೆ ಹುಡುಗರ ಕೈಗಳೂ ಒಂದೊಂದಾಗಿ ಮೇಲೆದ್ದವು.

ಪದವಿ ಬೇಡವೆನ್ನುವ ವೈರಾಗ್ಯವೇನೂ ಅವರಿಗಿರಲಿಲ್ಲ. ಬೇಕಿತ್ತು, ಜೀವ ಹಿಡಿದು ಕಾಯುವಷ್ಟು ಬೇಕಿತ್ತು. ಗಂಡ ಆಗಲೇ ನಡುಮನೆಯ ಗೋಡೆಗೆ ಮೊಳೆ ಹೊಡೆದು, ಪ್ರಮಾಣಪತ್ರಕ್ಕೆ ಜಾಗ ಮಾಡಿಟ್ಟಿದ್ದರು. ಉಳಿದದ್ದು ಕೊನೆಯ ಪ್ರಾಯೋಗಿಕ ಪರೀಕ್ಷೆ, ಅದರ ಜೊತೆಗಿನ ಮೌಖಿಕ ಪ್ರಶ್ನೋತ್ತರ. ಎರಡು ಬೆಳಕುಗಳನ್ನು ಕೂಡಿಸಿ ಪರದೆಯ ಮೇಲೆ ಬೆಳಕು ಕತ್ತಲೆಯ ಪಟ್ಟಿಗಳನ್ನು ಮೂಡಿಸುವ ಪ್ರಯೋಗವನ್ನು ಮುಗಿಸಿ, ಅವರು ಬೆವರೊರೆಸಿಕೊಂಡು ನಿಂತರು. ಲೆಕ್ಕಾಚಾರದಲ್ಲಿ ಒಂದೆರಡು ಕಡೆ ಎಡವಿದ್ದರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಮೌಖಿಕದಲ್ಲಿ ಕೈ ಹಿಡಿದರೆ ಮಾತ್ರ ದಡ ಸೇರುವುದೆಂದು ಅವರಿಗೂ ಗೊತ್ತಿತ್ತು.

"ಈ ಕಪ್ಪು ಪಟ್ಟಿ ಇರೋ ಕಡೆ ಬೆಳಕು ಎಲ್ಲಿ ಹೋಯ್ತು?" ಎಂದರು ಪರೀಕ್ಷಕರು.

"ಗೊತ್ತಿಲ್ಲ ಸರ್."

ಪರೀಕ್ಷಕರು ಒಳ್ಳೆಯವರೇ, ಆದರೆ ಅವಸರದಲ್ಲಿದ್ದರು. "ಪಕ್ಕದ ಪಟ್ಟೀಲಿ ಹಂಚಿಹೋಗಿದೆ, ಅಲ್ವಾ? ಹ್ಞೂಂ ಅನ್ನಿ, ಮಾರ್ಕ್ಸ್ ಹಾಕ್ಬಿಡ್ತೀನಿ."

ಯುವ ಅಧ್ಯಾಪಕರು ಮೂಲೆಯಲ್ಲಿ ನಿಂತು ನೋಡುತ್ತಿದ್ದರು. ಒಂದು ಹ್ಞೂಂ, ಅಷ್ಟೇ!  ಆಕೆಯ ಕತ್ತು ಮಾತ್ರ ಅಲುಗಲಿಲ್ಲ. "ನೀವು ಹೇಳಿದ್ದು ಕೇಳಿಸ್ತು ಸರ್. ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?" ಪರೀಕ್ಷಕರು ಗಡಿಯಾರ ನೋಡಿ, ಮುಂದಿನವರನ್ನು ಕರೆದರು.

ಆ ವರ್ಷ ಪದವಿ ಕೈತಪ್ಪಿತು. ಮೊಳೆಗೆ ಗಂಡ ಸದ್ಯಕ್ಕೊಂದು ಕ್ಯಾಲೆಂಡರು ನೇತುಹಾಕಿದರು. ಫಲಿತಾಂಶ ಬಂದ ದಿನ ಮೆಟ್ಟಿಲಿನ ತಿರುವಿನಲ್ಲಿ ಯುವ ಅಧ್ಯಾಪಕರು ಎದುರಾಗಿ, "ಹ್ಞೂಂ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತಮ್ಮಾ?" ಎಂದು ಸಂಕಟದಿಂದ ಕೇಳಿದರು.

ಆಕೆಯ ಕಣ್ಣು ಅತ್ತು ಅತ್ತು ಕೆಂಪಾಗಿತ್ತು. "ಅದಿರ್ಲಿ ಸರ್, ಮುಂದಿನ ವರ್ಷ ನೋಡ್ಕೋತೀನಿ. ಆ ಬೆಳಕು ಎಲ್ಲಿ ಹೋಯ್ತು, ಮೊದ್ಲು ಅದನ್ನ ಹೇಳಿ."

ಅಧ್ಯಾಪಕರು ಒಮ್ಮೆ ಹೇಳಿದರು, ಮತ್ತೊಮ್ಮೆ ಹೇಳಿದರು. ಕೊನೆಗೆ ಕಿಟಕಿಯ ಕಟ್ಟೆಯ ಮೇಲೆ ದಟ್ಟವಾಗಿ ಕುಳಿತಿದ್ದ ಧೂಳಿನಲ್ಲಿ ಬೆರಳೆಳೆದು ತೋರಿಸಿದರು. ಬೆರಳು ಹೋದಲ್ಲಿ ಧೂಳಿಲ್ಲದ ಗೆರೆ. ಅದರ ಎರಡೂ ಅಂಚಿನಲ್ಲಿ ಧೂಳಿನ ಗುಪ್ಪೆ. ಆಕೆ ಬಗ್ಗಿ ನೋಡಿದರು. "ಅಯ್ಯೋ, ಎಲ್ಲೂ ಹೋಗೇ ಇಲ್ಲ! ಇಲ್ಲೇ ಪಕ್ಕದಲ್ಲಿ ಸೇರ್ಕೊಂಡಿದೆ!" ಎಂದವರೇ ಮೆಟ್ಟಿಲ ಮೇಲೆ ಕುಸಿದು ಕುಳಿತು, ಫೇಲಾದ ದಿನ, ಹೊಟ್ಟೆ ಹಿಡಿದುಕೊಂಡು ನಕ್ಕರು.

ತಡವಾಗಿ ಕಲಿಯಲು ಬಂದವರನ್ನು ನಾವು ಮೆಚ್ಚುವಾಗಲೂ ಒಂದಿಷ್ಟು ಕನಿಕರ ಬೆರೆಸಿಯೇ ಮೆಚ್ಚುತ್ತೇವೆ, ಪಾಪ, ಈ ವಯಸ್ಸಿನಲ್ಲಿ ಎಂದು. ಹೊತ್ತಿಗೆ ಸರಿಯಾಗಿ ಓದಿ ಮುಗಿಸಿದ ನಾವು ಎಷ್ಟು ಪ್ರಶ್ನೆಗಳನ್ನು ಹ್ಞೂಂಗುಟ್ಟಿಯೇ ದಾಟಿ ಬಂದೆವೆಂಬುದು ನಮಗೇ ನೆನಪಿಲ್ಲ. ಬದುಕು ಯಾರ ಬಾಯನ್ನು ಬಹುಕಾಲ ಮುಚ್ಚಿಸಿತ್ತೋ ಅಂಥವರಿಗೆ 'ಗೊತ್ತಿಲ್ಲ' ಎಂದು ನಾಲ್ಕು ಜನರೆದುರು ಹೇಳುವುದೇ ಒಂದು ಸ್ವಾತಂತ್ರ್ಯ. ಅದನ್ನು ಅವರು ಪದವಿಗೂ ಬಿಟ್ಟುಕೊಡುವುದಿಲ್ಲ.