ಗೋವಿಂದರಾಜು ಕಟ್ಟಿದ ತಂತಿ

ಹಂದಿಮರಿಗಳನ್ನು ಹೊಲಕ್ಕೆ ಬಿಟ್ಟ ದಿನ ಚಿಕ್ಕಣ್ಣನಿಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಹಂದಿ ಅಂದರೆ ಅವನಿಗೆ ಹೇಸಿಗೆಯೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಅವನು ಹೆದರಿದ್ದು ಹೊಲದ ಸುತ್ತ ಸೊಸೆ ಎಳೆದಿದ್ದ ಕರೆಂಟ್ ತಂತಿಗೆ.

ತಮಿಳು ಸೀಮೆಯ ಕೊಳತ್ತೂರಿನಿಂದ ಕಾಡಿನ ಕಡೆ ಹೋಗುವ ದಾರಿಯಲ್ಲಿ ಅವನ ಹೊಲ. ಕಡ್ಲೆಕಾಯಿ ಕಿತ್ತಾಗಿತ್ತು. ಮಣ್ಣಲ್ಲಿ ಉಳಿದ ಕಾಯಿ, ಮೇಲೆ ಚಿಗುರಿದ ಹುಲ್ಲು, ಎರಡೂ ಮರಿಗಳಿಗೆ ಮೇವಾಗುತ್ತವೆ ಎಂದು ಸೊಸೆ ಕಲೈಸೆಲ್ವಿ ಹೇಳಿದ್ದಳು. ಮಗ ವೇಣು ಲಾರಿ ಹತ್ತಿದನೆಂದರೆ ವಾರಗಟ್ಟಲೆ ಪತ್ತೆ ಇಲ್ಲ. ಹೊಲ, ಮನೆ, ಬಿಳಿ ಹಂದಿಯ ದೊಡ್ಡಿ, ಎಲ್ಲಾ ಅವಳದೇ ಯಜಮಾನಿಕೆ.

ಆ ಸೀಮೆಯಲ್ಲಿ ತಂತಿ ಅಂದರೆ ಜನ ದನಿ ತಗ್ಗಿಸುತ್ತಾರೆ. ಕಾಡುಹಂದಿ ಕಾಟ ತಡೆಯಲಾರದೆ ಮೋಟಾರ್ ಮನೆಯಿಂದ ಬರಿ ತಂತಿ ಎಳೆದು ಹೊಲದ ಸುತ್ತ ಕಟ್ಟುತ್ತಾರೆ. ಕಟ್ಟಬಾರದೆಂದು ಎಲ್ಲರಿಗೂ ಗೊತ್ತು, ಕಟ್ಟದವರು ಕಡಿಮೆ. ಅದಕ್ಕೇ ಅಲ್ಲೊಂದು ಪದ್ಧತಿ ಬೆಳೆದಿತ್ತು. ಇನ್ನೊಬ್ಬರ ಹೊಲಕ್ಕೆ ಇಳಿಯುವ ಮುಂಚೆ ಬದುವಿನ ಮೇಲೆ ನಿಂತು, "ಲೈನ್ ಐತಾ?" ಎಂದು ಕೂಗಬೇಕು. "ಇಲ್ಲ, ಬಾ" ಎಂದ ಮೇಲೆ ಕಾಲಿಡಬೇಕು. ಚಿಕ್ಕಣ್ಣನ ತಮ್ಮ ಮುನಿರಾಜು ಬಹಳ ವರ್ಷದ ಹಿಂದೆ ಒಂದು ಮುಂಜಾನೆ ಹಾಗೇ ಕೂಗಿದ್ದ. ಉತ್ತರ ಬರಲಿಲ್ಲ. ಯಾರೂ ಇಲ್ಲವೆಂದುಕೊಂಡು ಇಳಿದ. ಚಿಕ್ಕಣ್ಣ ಹೋಗಿ ನೋಡಿದಾಗ ತಮ್ಮನ ಕೈ ತಂತಿಯನ್ನು ಇನ್ನೂ ಹಿಡಿದುಕೊಂಡೇ ಇತ್ತು. ಲೈನ್ ತೆಗೆಸಿದ ಮೇಲೆ ಆ ಬೆರಳುಗಳನ್ನು ಬಿಡಿಸಿದವನು ಅವನೇ. ಅಂದಿನಿಂದ ಬಟ್ಟೆ ಒಣಹಾಕುವ ತಂತಿಯನ್ನೂ ಅವನು ಬರಿಗೈಯಲ್ಲಿ ಮುಟ್ಟಿದವನಲ್ಲ.

"ಮಾಮಾ, ಇದು ಅದಲ್ಲ," ಎಂದು ಕಲೈಸೆಲ್ವಿ ಎಷ್ಟೋ ಸಲ ಹೇಳಿದ್ದಳು. "ಇದು ಬ್ಯಾಟರಿ ಪೆಟ್ಟಿ. ಬಿಸಿಲಲ್ಲಿ ಚಾರ್ಜ್ ಆಯ್ತದೆ. ಟಕ್ ಅಂತ ಒಂದೇಟು ಕೊಟ್ಟು ಬಿಟ್ಬಿಡ್ತದೆ. ಇರುವೆ ಕಡ್ದಂಗೆ."

"ಇರುವೆ ಕಡ್ದು ಯಾರೂ ಸತ್ತಿಲ್ಲ ಕಣಮ್ಮ."

"ಅದನ್ನೇ ಅಲ್ವಾ ನಾನೂ ಹೇಳೋದು!"

ಹೊಲಕ್ಕೆ ಬಿಡುವ ಮುಂಚೆ ಅವಳು ಮರಿಗಳಿಗೆ ತಂತಿಯ ಅಭ್ಯಾಸ ಮಾಡಿಸಿದ್ದಳು. ದೊಡ್ಡಿಯ ಕಲ್ಲುಗೋಡೆಗೆ ಒತ್ತಾಗಿ ಒಳಗಡೆ ತಂತಿ ಎಳೆದಳು. ಏಟು ತಿಂದ ಹಂದಿ ಗಾಬರಿಯಲ್ಲಿ ಮುಂದಕ್ಕೇ ನುಗ್ಗುತ್ತದೆ. ಎದುರಿಗೆ ಗೋಡೆ ಇದ್ದರೆ ಹಿಂದಕ್ಕೆ ತಿರುಗುವುದನ್ನು ಕಲಿಯುತ್ತದೆ. ಮೂತಿ ತಗುಲಿಸಿ ಕೀರ್ ಎಂದು ಕಿರುಚಿ ಹಿಂದಕ್ಕೆ ಹಾರುವ ಮರಿಗಳನ್ನು ನೋಡಲು ಗೋವಿಂದರಾಜು ದಿನಾ ಬಂದು ಗೋಡೆಯ ಮೇಲೆ ಕೂರುತ್ತಿದ್ದ. ಪಕ್ಕದ ಹೊಲದವನು, ಚಿಕ್ಕಣ್ಣನ ಸತ್ತ ಹೆಂಡತಿಯ ತಮ್ಮ.

"ಏನವ್ವಾ ಕಲೈ, ಹಂದಿಗೆ ಇಸ್ಕೂಲ್ ಇಟ್ಟಿದ್ದೀಯಾ? ನಮ್ ಭಾವನೇ ಮೂರನೇ ಕ್ಲಾಸ್ ದಾಟ್ಲಿಲ್ಲ."

"ನಿಮ್ಗೂ ಒಂದು ಸೀಟ್ ಐತೆ, ಬನ್ನಿ ಚಿಕ್ಕಮಾಮಾ. ಮೂಗು ಇಟ್ರೆ ಸಾಕು, ಪಾಸ್."

"ಬ್ಯಾಡವ್ವಾ. ನಿನ್ ಪೆಟ್ಟಿ ಕೆಮ್ತದೆ ಅಷ್ಟೆ, ಕಚ್ಚಲ್ಲ. ನಮ್ಮ ಮೋಟಾರ್ ಲೈನ್ ಕೊಟ್ಟು ನೋಡು, ಒಂದು ಹಂದಿ ಆಚೆ ಓಗ್ಲಿ ಕಾಣಾನ."

ಅವನು ನಗುತ್ತಾ ಹೇಳಿದ್ದ. ಚಿಕ್ಕಣ್ಣ ನಗಲಿಲ್ಲ.

ಮರಿಗಳು ಹೊಲಕ್ಕೆ ಸಲೀಸಾಗಿಯೇ ಬಂದವು. ಕಲೈಸೆಲ್ವಿ ಬಕೆಟ್ ಬಡಿಯುತ್ತಾ ಮುಂದೆ ನಡೆದಳು, ಕಲಗಚ್ಚಿನ ವಾಸನೆಗೆ ಅವು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ಬಂದವು. ತಂತಿ ಕಂಡಲ್ಲಿ ನಿಂತವು. ಮಣ್ಣಿಗೆ ಮೂತಿ ಹಾಕಿದವು. ಪೆಟ್ಟಿ ಟಕ್, ಟಕ್ ಎನ್ನುತ್ತಿತ್ತು. ಆ ಸದ್ದಿಗೆ ಮೊದಮೊದಲು ಚಿಕ್ಕಣ್ಣನ ಎದೆಯೂ ಟಕ್ ಎನ್ನುತ್ತಿತ್ತು. ಕೆಲವು ದಿನ ಕಳೆದ ಮೇಲೆ ಬೇವಿನ ಮರದ ಕೆಳಗೆ ಕೂತು ಅದನ್ನು ಕೇಳುತ್ತಾ ತೂಕಡಿಸುವಷ್ಟು ಧೈರ್ಯ ಬಂತು.

ಆಮೇಲೆ ಮೆಟ್ಟೂರು ಅಣೆಕಟ್ಟಿನ ಕಡೆಯಿಂದ ಮೋಡ ಏರಿತು. ಬಿಸಿಲೇ ಇಲ್ಲ, ಸಣ್ಣ ತುಂತುರು ಬಿಡಲೇ ಇಲ್ಲ. ಒಂದು ಬೆಳಿಗ್ಗೆ ಪೆಟ್ಟಿ ಸುಮ್ಮನಾಯಿತು.

"ಕೊಳತ್ತೂರಿಗೆ ತಗೊಂಡೋಗಿ ಚಾರ್ಜ್ ಆಕ್ಸ್ಕೊಂಡು ಬತ್ತೀನಿ," ಎಂದು ಕಲೈಸೆಲ್ವಿ ಪೆಟ್ಟಿಯನ್ನು ಬಿಚ್ಚಿ ಸ್ಕೂಟರಿನಲ್ಲಿಟ್ಟಳು. "ತಂತೀಲಿ ಈಗ ಏನೂ ಇಲ್ಲ ಮಾಮಾ. ನೋಡಿ." ಬರಿಗೈಯಲ್ಲಿ ತಂತಿಯನ್ನು ಒತ್ತಿಹಿಡಿದು ದಾಟಿ ತೋರಿಸಿದಳು. "ಮರಿಗಳಿಗೆ ಇದು ಗೊತ್ತಾಗಲ್ಲ. ಅವು ಎದ್ರಿಕೊಂಡೇ ಇರ್ತವೆ. ನೀವು ಸುಮ್ನೆ ನೋಡ್ಕೊಳಿ."

ಒಂದಕ್ಕೆ ಮಾತ್ರ ಗೊತ್ತಾಯಿತು. ಕಿವಿಯ ಮೇಲೆ ಕಪ್ಪು ಮಚ್ಚೆಯ ಗಡವ ಮರಿ. ಅದು ಮೂತಿಯಿಂದ ತಂತಿಯನ್ನು ಒಮ್ಮೆ ಮೀಟಿತು, ಸುಮ್ಮನೆ ನಿಂತಿತು, ಮತ್ತೆ ಮೀಟಿತು. ಚಿಕ್ಕಣ್ಣ ಕೋಲಿನಿಂದ ಅದನ್ನು ಹಿಂದಕ್ಕೆ ಅಟ್ಟಿದ. ಹೊಟ್ಟೆಗೆ ಬಿದ್ದರೆ ಸುಮ್ಮನಾಗುತ್ತವೆಂದುಕೊಂಡು, ಬದುವಿನ ಆಚೆ ಇದ್ದ ಗೋವಿಂದರಾಜುವನ್ನು ಕರೆದ.

"ಲೋ, ಮನೆಗೋಗಿ ಕಲಗಚ್ಚು ತತ್ತೀನಿ. ಪೆಟ್ಟಿ ಇಲ್ಲ. ಆ ಕಪ್ಪು ಕಿವೀದು ನುಸುಳಾಕೆ ನೋಡ್ತೈತೆ, ಒಸಿ ಕಣ್ಣಿಡು."

"ಓಗ್ ಭಾವ ನೀನು. ನಾನಿಲ್ವಾ? ಒಂದೂ ಆಚೆ ಓಗ್ದಂಗೆ ಮಾಡ್ತೀನಿ."

ಚಿಕ್ಕಣ್ಣ ಬಕೆಟ್ ಹೊತ್ತುಕೊಂಡು ಹಿಂದಿರುಗಿದಾಗ ಗೋವಿಂದರಾಜು ಇರಲಿಲ್ಲ. ಮೆಟ್ಟೂರಿನ ಬಸ್ಸು ಆಗತಾನೇ ಹೋದ ಸದ್ದು ಕೇಳಿತ್ತು. ಅವನು ಬಿಳಿ ಪಂಚೆ ಉಟ್ಟಿದ್ದದ್ದೂ ಈಗ ನೆನಪಾಯಿತು. ಮರಿಗಳು ಹೊಲದ ನಡುವೆ ಮಣ್ಣು ಕೆದಕುತ್ತಿದ್ದವು. ಒಂದೂ ಆಚೆ ಹೋಗಿರಲಿಲ್ಲ. ಚಿಕ್ಕಣ್ಣನಿಗೆ ಸಮಾಧಾನವಾಯಿತು. ಇನ್ನೇನು ತಂತಿಯ ಹತ್ತಿರ ಹೋಗಬೇಕು, ಮೂಲೆಯ ಕಂಬದಲ್ಲಿ ಬೇಲಿಯ ತಂತಿಗೆ ಸುತ್ತಿದ ಒಂದು ತುಕ್ಕು ಹಿಡಿದ ತಂತಿ ಕಂಡಿತು.

ಸೊಸೆಯ ತಂತಿ ಬಿಳಿ. ಇದು ಕಬ್ಬಿಣದ್ದು. ಬದುವಿನ ಹರಳುಗಿಡಗಳ ನಡುವೆ ನುಸುಳಿ, ಕಲ್ಲಿನ ಮೇಲೆ ಹಾದು, ಗೋವಿಂದರಾಜುವಿನ ಮೋಟಾರ್ ಮನೆಯ ಕಿಟಕಿಯೊಳಕ್ಕೆ ಹೋಗಿತ್ತು.

ಗೋವಿಂದರಾಜು ಹೀಗೇ ಕಟ್ಟುವವನು. ಲೈನ್ ಇಲ್ಲದ ಹೊತ್ತು ನೋಡಿ ಕಟ್ಟಿಬಿಟ್ಟು ತನ್ನ ಪಾಡಿಗೆ ಹೋಗುತ್ತಾನೆ. ಮಧ್ಯಾಹ್ನ ಪಂಪಿಗೆಂದು ಬಿಡುವ ತ್ರೀ ಫೇಸ್ ಕರೆಂಟ್ ಬಂದಾಗ ಮೋಟಾರ್ ತಾನೇ ಓಡುತ್ತದೆ, ತಂತಿಗೂ ತಾನೇ ಜೀವ ಬರುತ್ತದೆ. ಭಾವನಿಗೆ ಉಪಕಾರ ಮಾಡಿದೆನೆಂದು ನೆಮ್ಮದಿಯಾಗಿ ಬಸ್ಸಿನಲ್ಲಿ ಕೂತಿದ್ದಾನೆ.

ಮೋಟಾರ್ ಮನೆಗೆ ಬೀಗ. ಬಾವಿಯ ಮೇಲಿನ ಪೈಪು ಒಣಗಿ ನಿಂತಿತ್ತು. ನೀರಿಲ್ಲ ಎಂದರೆ ಲೈನ್ ಇನ್ನೂ ಬಂದಿಲ್ಲ. ಈಗಲೇ ಹೋಗಿ ಕಂಬದ ಆ ತಂತಿಯನ್ನು ಎಳೆದು ಬಿಸಾಡಬಹುದು. ಮಗುವಾದರೂ ಮಾಡುವ ಕೆಲಸ. ಚಿಕ್ಕಣ್ಣ ಕೈ ಚಾಚಿದ. ಕೈ ತಂತಿಯ ಹತ್ತಿರ ಹೋಗಿ ನಿಂತಿತು. ಹಿಡಿದಿರುವಾಗಲೇ ಲೈನ್ ಬಂದರೆ? ಕೆಳಗೆ ಒದ್ದೆ ನೆಲ, ಬರಿಗಾಲು. ಒಣಕೋಲಿಗಾಗಿ ಸುತ್ತ ನೋಡಿದ. ಕೈಯಲ್ಲಿದ್ದ ಕೋಲೂ ತುಂತುರಿಗೆ ನೆನೆದು ಕಪ್ಪಾಗಿತ್ತು. ಚಾಚಿದ ಕೈ ತಮ್ಮನದೋ ತನ್ನದೋ ಎಂದು ಅವನಿಗೇ ತಿಳಿಯದಾಯಿತು. ಹಿಂದಕ್ಕೆ ಎಳೆದುಕೊಂಡ.

ಅಷ್ಟರಲ್ಲಿ ಹೊಲದ ಆ ತುದಿಯಲ್ಲಿ ಸ್ಕೂಟರ್ ಸದ್ದು. ಕಲೈಸೆಲ್ವಿ ಮೇಲಿನ ದಾರಿಯಿಂದ ಬಂದಿದ್ದಳು.

ತಂತಿಯಲ್ಲಿ ಏನೂ ಇಲ್ಲವೆಂದು ಅವಳಿಗೆ ಗೊತ್ತು. ಅವಳೇ ಬಿಚ್ಚಿಕೊಂಡು ಹೋದವಳು. ಪೆಟ್ಟಿ ಇಡುವ ಜಾಗ ಬೇಲಿಯ ಒಳಗಡೆ. ಬೆಳಿಗ್ಗೆಯ ಹಾಗೇ ಒತ್ತಿಹಿಡಿದು ದಾಟುತ್ತಾಳೆ.

"ಕಲೈ! ಮುಟ್ಬೇಡ!"

ಚಿಕ್ಕಣ್ಣ ಹುಟ್ಟಿದಾಗಿನಿಂದ ಮೆಲ್ಲಗೆ ಮಾತಾಡಿದವನು. ಈಗ ಕೂಗಬೇಕಾದಾಗ ದನಿ ಕೆಮ್ಮಿದಷ್ಟೇ ಹೊರಟಿತು. ಅವಳು ಹೆಲ್ಮೆಟ್ ತೆಗೆದಿರಲಿಲ್ಲ. ಪೆಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಬದು ಇಳಿದಳು.

ಬಾವಿಯ ಪೈಪು ಒಮ್ಮೆ ತೇಗಿತು. ಗಾಳಿ ಉಗುಳಿತು. ಆಮೇಲೆ ದಪ್ಪನೆ ನೀರು ತೊಟ್ಟಿಗೆ ಧುಮುಕಿತು.

ಲೈನ್ ಬಂತು.

ಓಡಿದರೂ ತಲುಪುವುದಿಲ್ಲ, ಅಷ್ಟು ದೂರ. ಕೂಗಿದರೆ ಕೇಳುವುದಿಲ್ಲ. ಚಿಕ್ಕಣ್ಣನ ಕೈಯಲ್ಲಿದ್ದದ್ದು ಬಕೆಟ್. ಬಡಿದರೆ ಮರಿಗಳೆಲ್ಲಾ ತಂತಿಯ ಕಡೆಗೆ ಓಡಿ ಬರುತ್ತವೆ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಕೆಟನ್ನು ಎತ್ತಿ ಕಲ್ಲಿಗೆ ಬಡಿದ. ಮತ್ತೆ ಬಡಿದ. ಕಲಗಚ್ಚು ಮೈಮೇಲೆಲ್ಲಾ ಚೆಲ್ಲಿತು.

ಮರಿಗಳು ಕಿರುಚುತ್ತಾ ಅವನ ಕಡೆ ನುಗ್ಗಿದವು. ತಂತಿಯ ಹತ್ತಿರ ಬಂದವು ಬಂದ ಹಾಗೇ ನಿಂತವು, ಕಲಿತ ಪಾಠ ಮರೆತಿರಲಿಲ್ಲ. ಕಪ್ಪು ಕಿವಿಯದು ನಿಲ್ಲಲಿಲ್ಲ. ತಂತಿ ಸತ್ತಿದೆಯೆಂದು ಅದಕ್ಕೆ ಬೆಳಿಗ್ಗೆಯೇ ಗೊತ್ತಾಗಿತ್ತಲ್ಲ.

ಅದು ಕಿರುಚಲೂ ಇಲ್ಲ. ಕಾಲು ನಾಲ್ಕೂ ಕಡ್ಡಿಯಂತೆ ಸೆಟೆದವು. ಮೂತಿ ತಂತಿಯಲ್ಲೇ ಉಳಿಯಿತು.

ಆ ತುದಿಯಲ್ಲಿ ಕಲೈಸೆಲ್ವಿ, ಮಾವ ಯಾಕೆ ಹೀಗೆ ಬಡಿಯುತ್ತಿದ್ದಾನೆಂದು ತಲೆ ಎತ್ತಿದವಳು, ಅದನ್ನು ನೋಡಿದಳು. ಅವಳ ಬಲಗೈ ತಂತಿಯ ಮೇಲೆ, ಗೇಣಿಗೂ ಕಡಿಮೆ ಎತ್ತರದಲ್ಲಿ ನಿಂತಿತ್ತು. ಅವಳು ಆ ಕೈಯನ್ನು ಎಳೆದುಕೊಳ್ಳುವುದಕ್ಕೂ ಹೆದರಿದಳು. ಪೆಟ್ಟಿ ಜಾರಿ ಮಣ್ಣಿಗೆ ಬಿತ್ತು.

"ಹಿಂದಕ್ಕೆ," ಎಂದ ಚಿಕ್ಕಣ್ಣ. ಅಂಗೈಯಿಂದ ಗಾಳಿಯನ್ನು ತಳ್ಳಿ ತೋರಿಸಿದ. ಅವಳು ಒಂದು ಹೆಜ್ಜೆ ಹಿಂದೆ ಇಟ್ಟಳು. ಮತ್ತೊಂದು. ಬದುವಿನ ಮೇಲೆ ಕುಸಿದು ಕೂತಳು.

ಅವಳೇ ಫೋನ್ ಮಾಡಿದ್ದು, ಗೋವಿಂದರಾಜುವಿನ ಹೆಂಡತಿ ಪಾಪಾತಿಗೆ. "ಅತ್ತೇ, ಮೋಟಾರ್ ಮನೆ ಸಾವಿ ತಗೊಂಡು ಓಡಿ ಬನ್ನಿ. ಸೀಕ್ರಂ, ಸೀಕ್ರಂ!" ಎಂದು ಕನ್ನಡ ತಮಿಳು ಕಲಸಿ, ಬೀಗದ ಕೈ ಬೇಗ ತರುವಂತೆ ಅಳುತ್ತಾ ಹೇಳುತ್ತಿದ್ದದ್ದು ಇಲ್ಲಿಗೆ ಕೇಳುತ್ತಿತ್ತು. ಪಾಪಾತಿ ಬರುವ ತನಕ ಚಿಕ್ಕಣ್ಣ ಅಲ್ಲಾಡಲಿಲ್ಲ. ಬಾಯಲ್ಲಿ "ಹೋ... ಹೋ..." ಎಂದು ಮೆಲ್ಲಗೆ ಅನ್ನುತ್ತಾ ಉಳಿದ ಮರಿಗಳನ್ನು ದೂರ ಇಟ್ಟ. ಅವು ಸತ್ತದ್ದನ್ನು ಮೂಸಲು ಬರುತ್ತಿದ್ದವು. ಅವನು ಚಿಕ್ಕ ಕಲ್ಲು ಎಸೆಯುತ್ತಿದ್ದ. ಅವು ಮತ್ತೆ ಬರುತ್ತಿದ್ದವು.

ಪಾಪಾತಿ ಲೈನ್ ತೆಗೆದು, ಪೈಪಿನ ನೀರು ನಿಂತ ಮೇಲೂ ತಂತಿ ಮುಟ್ಟಲು ಯಾರಿಗೂ ಕೈ ಏಳಲಿಲ್ಲ.

ಸಂಜೆಗೆ ಮುಂಚೆ ಗೋವಿಂದರಾಜು ಬಂದ. ಬಸ್ಸಿಳಿದು ಓಡಿ ಬಂದಿದ್ದ, ಪಂಚೆಯೆಲ್ಲಾ ಕೆಸರು.

"ಒಳ್ಳೇದಕ್ಕೇ ಕಟ್ದೆ ಭಾವ. ಆ ತಾಯಿ ಆಣೆ. ನೀನೇ ಕಣ್ಣಿಡು ಅಂದಲ್ಲ. ಬಸ್ ಬಂತು, ಅದಕ್ಕೇ... ಕಲೈ ಈ ಕಡೆಯಿಂದ ಬತ್ತಾಳೆ, ನೀನು ಇಲ್ಲೇ ಇರ್ತೀಯ ಅಂತ..." ಮಾತು ಅಲ್ಲಿಗೆ ತೊದಲಿತು. ಸತ್ತ ಮರಿಯ ಕಡೆ ನೋಡಿದ. "ಅದರ ರೇಟ್ ಕೊಡ್ತೀನಿ."

"ಬಿಚ್ಚು," ಎಂದ ಚಿಕ್ಕಣ್ಣ.

ಗೋವಿಂದರಾಜು ಕಂಬದ ತಂತಿಯನ್ನು ಬಿಚ್ಚಿ ಸುತ್ತಿದ.

"ನಿನ್ ಹೊಲದ್ದೂ ಬಿಚ್ಚು."

"ನಂದಾ? ಭಾವ, ಕಾಡುಹಂದಿ ಬಂದ್ರೆ ಒಂದು ಗಿಡ ಉಳಿಯಲ್ಲ..."

"ಬರ್ಲಿ."

"ಊರೆಲ್ಲಾ ಕಟ್ಟೈತೆ. ನಾನೊಬ್ಬ ಬಿಚ್ಚಿದ್ರೆ ಏನಾಯ್ತದೆ?"

ಚಿಕ್ಕಣ್ಣ ಗೋವಿಂದರಾಜುವಿನ ಹೊಲದ ಬದುವಿನ ಮೇಲೆ ಹೋಗಿ ಕುಕ್ಕುರುಗಾಲಲ್ಲಿ ಕೂತ. ಅವನು ಕೂತರೆ ಏಳಿಸುವುದು ಕಷ್ಟವೆಂದು ಭಾವಮೈದನಿಗೆ ಗೊತ್ತು. ಸ್ವಲ್ಪ ಹೊತ್ತು ಗೊಣಗಿದ. ಆಮೇಲೆ ಮೊದಲ ಗೂಟದ ಹತ್ತಿರ ಬಗ್ಗಿದ.

ಅವನು ಒಂದೊಂದೇ ಗೂಟದಿಂದ ತಂತಿ ಬಿಡಿಸಿಕೊಂಡು ಹೋಗುವುದನ್ನು ಚಿಕ್ಕಣ್ಣ ನೋಡುತ್ತಾ ಕೂತ. ಕಲೈಸೆಲ್ವಿ ಬಂದು ಪಕ್ಕದಲ್ಲಿ ನಿಂತಳು, ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು. ಗೋವಿಂದರಾಜು ಕೊನೆಯ ಗೂಟಕ್ಕೆ ಹೋದ. ಅದರಾಚೆ ಕುಪ್ಪಸ್ವಾಮಿಯ ಹೊಲ, ಅದರಾಚೆ ಇನ್ನೊಬ್ಬರದು, ಕಾಡಿನ ಅಂಚಿನ ತನಕ. ಅಲ್ಲೆಲ್ಲೋ ಯಾರದೋ ಮೋಟಾರ್ ಇನ್ನೂ ಓಡುತ್ತಿತ್ತು, ನೀರು ಬೀಳುವ ಸದ್ದು ಕೇಳುತ್ತಿತ್ತು.