ಒಂದೇ ಉಸಿರಿನ ಕರಿಬಸಪ್ಪ

ಕರಿಬಸಪ್ಪನವರು ಕಂಪ್ಯೂಟರ್ ಕೋಡನ್ನು ಬಾಯಿಬಿಟ್ಟು ಓದುತ್ತಿದ್ದರು. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕಚೇರಿಯಲ್ಲಿ ಎಲ್ಲರೂ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಮೌನವ್ರತ ಹಿಡಿದವರಂತೆ ಕೂತಿದ್ದರೆ, ಇವರೊಬ್ಬರು ಮಾತ್ರ ಏಪ್ರಿಲ್ ತಿಂಗಳಲ್ಲೂ ಬಿಚ್ಚದ ಕಂದು ಸ್ವೆಟರಿನೊಳಗೆ ಹುದುಗಿ, ತೆರೆಯ ಮೇಲಿನ ಸಾಲುಗಳನ್ನು ಸಣ್ಣ ದನಿಯಲ್ಲಿ ಪಠಿಸುತ್ತ, ಒಂದು ಕೆಲಸಕ್ಕೆಂದು ಬರೆದ ಸಾಲುಗಳ ಕಟ್ಟು, ನಾವು ಮೆಥಡ್ ಎನ್ನುವುದು, ಮುಗಿಯುವ ಮೊದಲೇ ತಮ್ಮ ಉಸಿರು ಮುಗಿದರೆ ಅಲ್ಲಿಯೇ ಅದನ್ನು ಕತ್ತರಿಸಿ ಎರಡು ಮಾಡುತ್ತಿದ್ದರು. "ಓದಾವ್ರ ಉಸಿರಿಗೆ ನಿಲುಕಬೇಕ್ರಿ," ಎನ್ನುವರು. ಅವರ ಉಸಿರೇನೂ ದೊಡ್ಡದಲ್ಲ. ಹನ್ನೆರಡು ಸಾಲಿಗೆ ಸುಸ್ತಾಗುತ್ತಿತ್ತು.

ಕತ್ತರಿಸುವುದಕ್ಕಿಂತ ಹೆಸರಿಡುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಪ್ರತಿ ತುಂಡಿಗೂ ಅದು ಮಾಡುವ ಕೆಲಸವನ್ನೇ ಹೇಳುವ ಹೆಸರು ಬೇಕು. ಅದಕ್ಕಾಗಿ ಕಾರಿಡಾರಿನಲ್ಲಿ ನಾಲ್ಕು ಹೆಜ್ಜೆ ಇಟ್ಟು, ನಿಂತು, ತಲೆಯಾಡಿಸಿ, ಮತ್ತೆ ನಾಲ್ಕು ಹೆಜ್ಜೆ ಇಡುವ ವಿಚಿತ್ರ ನಡಿಗೆ. "ಹೆಸರಿನ್ಯಾಗ 'ಮತ್ತು' ಅಂತ ಬಂತಂದ್ರ, ಒಳಗ ಇನ್ನೊಂದು ಕೆಲಸ ಕುಂತೈತಿ ಅಂತ ತಿಳೀರಿ." ಮ್ಯಾನೇಜರ್ ಶಶಿಕುಮಾರನ ಪಾಲಿಗೆ ಇದು ಕೆಲಸವೇ ಅಲ್ಲ. ಪರೀಕ್ಷಾ ವಿಭಾಗದಲ್ಲಿದ್ದ ನಾನೂ "ಏನ್ ಸಾರ್, ನಾಮಕರಣ ಮುಗೀತಾ?" ಎಂದು ಹಲ್ಲು ಕಿರಿದವನೇ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೀಗೆ ಕಂಡದ್ದನ್ನೆಲ್ಲ ಕತ್ತರಿಸುವ ಮನುಷ್ಯ ಒಂದೇ ಒಂದು ಮೆಥಡ್ಡನ್ನು ಮುಟ್ಟಿರಲಿಲ್ಲ. ನಮ್ಮದು ಕಾರ್ಖಾನೆಗಳ ನೌಕರರನ್ನು ಯಾವ ಬಸ್ಸು ಎಲ್ಲಿ ಹತ್ತಿಸಿಕೊಳ್ಳಬೇಕೆಂದು ನಿರ್ಧರಿಸುವ ತಂತ್ರಾಂಶ. ಅದರ ನಟ್ಟನಡುವೆ ಸಾವಿರದ ನೂರು ಸಾಲಿನ ಒಂದು ಮಹಾ ಮೆಥಡ್. ಬರೆದವರು ಬೇಗೂರಿನ ಯಮುನಾ. ಹನ್ನೊಂದು ವರ್ಷ ಕರಿಬಸಪ್ಪನವರ ಪಕ್ಕದಲ್ಲಿ ಕೂತು, ತಮ್ಮ ಚಿತ್ರಾನ್ನದ ಅರ್ಧವನ್ನು ಅವರ ಡಬ್ಬಿಯ ಮುಚ್ಚಳಕ್ಕೆ ಬಡಿಸಿ, "ನಡೀತಿದ್ಯಲ್ಲ, ಬಿಡ್ರೀ ಕರಿಬಸಪ್ಪೋರೇ, ಅದಕ್ಯಾಕೆ ಕತ್ತರಿ?" ಎಂದು ರೇಗಿಸುತ್ತಿದ್ದವರು. ಕೊರೋನಾದ ಎರಡನೆಯ ಅಲೆಯಲ್ಲಿ ಐದೇ ದಿನಕ್ಕೆ ತೀರಿಕೊಂಡರು. ಆಮೇಲೂ ಕರಿಬಸಪ್ಪನವರು ಊಟಕ್ಕೆ ಕೂತಾಗ ಮುಚ್ಚಳವನ್ನು ಅಂಗಾತ ಇಟ್ಟುಕೊಂಡು ಒಬ್ಬರೇ ಉಣ್ಣುತ್ತಿದ್ದರು.

ನಮ್ಮ ತೆರೆಯ ಅಂಚಿನಲ್ಲಿ, ಪ್ರತಿ ಸಾಲಿನ ಪಕ್ಕದಲ್ಲಿ, ಅದನ್ನು ಕೊನೆಗೆ ಬದಲಿಸಿದವರ ಹೆಸರು ಕಾಣುತ್ತದೆ. ಸಾಲನ್ನು ಎತ್ತಿ ಬೇರೆಡೆ ಇಟ್ಟರೂ ಸಾಕು, ಹಳೆಯ ಹೆಸರು ಹೋಗಿ ಎತ್ತಿಟ್ಟವರ ಹೆಸರು ಬಂದು ಕೂರುತ್ತದೆ. ಆ ಮಹಾ ಮೆಥಡ್ಡಿನ ಉದ್ದಕ್ಕೂ ಯಮುನಾ, ಯಮುನಾ, ಯಮುನಾ. ಒಂದು ಮಧ್ಯಾಹ್ನ ಕರಿಬಸಪ್ಪನವರು ಅದನ್ನು ತೆರೆದುಕೊಂಡು, ತುಟಿ ಅಲುಗಿಸದೆ, ಬರಿದೇ ಕೆಳಗೆ ಸರಿಸುತ್ತ ಕೂತಿದ್ದನ್ನು ಕಂಡೆ. ಅವರ ಕತ್ತರಿ ಇಲ್ಲಿಗೇಕೆ ಬರಲಿಲ್ಲವೆಂದು ಆಗ ನನಗೆ ತಿಳಿಯಿತು.

ಕಳೆದ ಜುಲೈಯಲ್ಲಿ ರಸ್ತೆ ಕಾಮಗಾರಿಯಿಂದಾಗಿ ಚಂದಾಪುರದ ನಿಲ್ದಾಣ ತುಸು ಮುಂದಕ್ಕೆ ಸರಿಯಿತು. ಮೆಥಡ್ಡಿನಲ್ಲಿ ತಿದ್ದಬೇಕಿದ್ದುದು ಏಳು ಕಡೆ. ಶಶಿಕುಮಾರನ ತಂಡಕ್ಕೆ ಕಂಡದ್ದು ಆರು. ಕಣ್ತಪ್ಪಿದ ಆ ಒಂದರಿಂದಾಗಿ ಮರುದಿನ ಬೆಳಗ್ಗೆ ಬಸ್ಸು ಬಾರದೆ, ಜಿಗಣಿಯ ಕಾರ್ಖಾನೆಗೆ ಹೋಗಬೇಕಿದ್ದ ಒಂಬತ್ತು ಹೆಂಗಸರು ಮಳೆಯಲ್ಲಿ ಒಂದೂವರೆ ಗಂಟೆ ನಿಂತರು. ಚಂದಾಪುರದಲ್ಲೇ ಬಾಡಿಗೆ ಕೋಣೆ ಹಿಡಿದಿದ್ದ ಕರಿಬಸಪ್ಪನವರು ಆ ದಾರಿಯಲ್ಲಿ ಬಂದಾಗ, ಮೊಬೈಲಿಗೆ ಬರುವ ಬಸ್ಸಿನ ಸಂದೇಶದ ಮೇಲಿರುವ ನಮ್ಮ ಕಂಪನಿಯ ಗುರುತನ್ನೇ ಅವರ ಕೊರಳ ಐಡಿ ಕಾರ್ಡಿನಲ್ಲೂ ಕಂಡು, ಆ ಹೆಂಗಸರಲ್ಲೊಬ್ಬಳಾದ ಚನ್ನಕ್ಕನೆಂಬಾಕೆ, ಅವರದೇ ಸೀಮೆಯ ಮಾತಿನಲ್ಲಿ ಕೇಳಿದಳಂತೆ: "ಅಣ್ಣಾ, ನಮ್ಮ ಬಸ್ಸು ಯಾಕ ಬರವಲ್ದು?"

ಅಂದೇ ಕತ್ತರಿಸಲು ಕೂತರು. ಮೂರು ವಾರ ಹಿಡಿಯಿತು. ಸಾವಿರದ ನೂರು ಸಾಲು ತೊಂಬತ್ತಾರು ಪುಟ್ಟ ಮೆಥಡ್ಡುಗಳಾದವು, ಪ್ರತಿಯೊಂದಕ್ಕೂ ಚೊಕ್ಕ ಹೆಸರು; ಚಂದಾಪುರ ಈಗ ಒಂದೇ ಕಡೆ ಇದೆ, ನಿನ್ನೆ ಕೆಲಸಕ್ಕೆ ಸೇರಿದವರೂ ಹುಡುಕಿ ತಿದ್ದಬಹುದು. ಅಂಚಿನಲ್ಲಿ ಯಮುನಾ ಎಂಬ ಹೆಸರು ದಿನದಿನಕ್ಕೆ ಕರಗಿ, ಕಡೆಗೆ ಒಂದೂ ಉಳಿಯಲಿಲ್ಲ.

"ಅವರ ಹೆಸರು ಹೋಯ್ತಲ್ಲ ಸಾರ್," ಎಂದೆ.

"ಆಕಿ ಹೆಸರು ಉಳಸಾಕ ಹೋಗಿ ಮಂದೀನ ಮಳ್ಯಾಗ ನಿಲ್ಲಿಸಿದ್ನಲ್ಲೋ ಮಾರಾಯಾ," ಎಂದು ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡರು. ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ.

ಈಚೆಗೆ ಒಂದು ಹಳೆಯ ದೋಷ ಎದ್ದಿತು: ಒಬ್ಬರನ್ನೇ ಎರಡು ಬಸ್ಸಿಗೆ ಹಾಕುವ ದೋಷ. ಸಭೆಯಲ್ಲಿ ಶಶಿಕುಮಾರ್ ಅಂಚಿನ ಹೆಸರು ಓದಿ, "ಏನ್ರೀ ಕರಿಬಸಪ್ಪೋರೇ, ನಿಮ್ಮಿಂದ ಇಂಥ ತಪ್ಪಾ?" ಎಂದ. ಹತ್ತು ವರ್ಷದ ಹಿಂದಿನ ಪ್ರತಿ ತೆರೆದರೆ ಅದು ಯಮುನಾ ಬರೆದ ಸಾಲೆಂದು ಯಾರಿಗಾದರೂ ತಿಳಿಯುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಅವರು ಮೇಜಿನ ಕೆಳಗೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದರು.

"ಹೌದ್ರಿ," ಎಂದರು, "ನಂದ ತಪ್ಪು."

ಇನ್ನೊಬ್ಬರು ಬರೆದದ್ದನ್ನು ಮತ್ತೊಬ್ಬರು ಓದುವಂತೆ ಮಾಡಿಕೊಡುವುದನ್ನೇ ಕಸುಬಾಗಿಸಿಕೊಂಡ ಈ ಬಗೆಯ ಜನರಿಗೆ ತಮ್ಮದೆಂದು ತೋರಿಸಿಕೊಳ್ಳಲು ಏನೂ ಇರುವುದಿಲ್ಲ. ಅವರು ಹಸನು ಮಾಡಿದ ದಾರಿಯಲ್ಲಿ ನಾವು ಸಲೀಸಾಗಿ ನಡೆದುಹೋಗುತ್ತೇವೆ, ಎಡವಿದರೆ ಮಾತ್ರ ಹೆಸರು ಹುಡುಕುತ್ತೇವೆ. ಅವರ ಹೆಸರಿನ ಪಕ್ಕದಲ್ಲಿರುವ ತಪ್ಪುಗಳಲ್ಲಿ ಅವರು ಪ್ರೀತಿಸಿದವರವು ಎಷ್ಟೆಂದು ಯಾರೂ ಹಿಂದಕ್ಕೆ ತಿರುಗಿಸಿ ನೋಡುವುದಿಲ್ಲ.