ಬಿಲ್ಲೆ ನಿಲ್ಲುವ ತನಕ

ಸೋಪು ಹಚ್ಚಿ ಎಳೆದದ್ದಾಯಿತು, ದಾರ ಸುತ್ತಿ ತಿರುಗಿಸಿದ್ದಾಯಿತು. ಉಂಗುರ ಗೆಣ್ಣು ದಾಟಲಿಲ್ಲ. ಭಾವ ತೀರಿಹೋದ ತಮ್ಮನ ಕೈಯನ್ನು ಹಾಸಿಗೆಯ ಮೇಲೆ ಮಲಗಿಸಿ ಬೆವರು ಒರೆಸಿಕೊಂಡರು. ಕಿಡ್ನಿ ಕೈಕೊಟ್ಟ ಮೇಲೆ ಆಸ್ಪತ್ರೆಯಲ್ಲಿ ಆ ಬೆರಳುಗಳು ಊದುತ್ತಲೇ ಹೋಗಿದ್ದವು.

"ಹಾಗೇ ಇರ್ಲಿ ಬಿಡಿ," ಅಂದಳು ತೀರಿಹೋದವನ ಹೆಂಡತಿ.

"ಏನ್ ಇರ್ಲಿ? ಅವನದ್ದು ಅಂತ ನಿನ್ ಹತ್ರ ಒಂದಾದ್ರೂ ಬೇಡ್ವಾ?" ಅತ್ತೆಯ ದನಿ ಅತ್ತೂ ಅತ್ತೂ ಬಿದ್ದುಹೋಗಿತ್ತು.

ಹೊರಗೆ ಗಾಡಿ ಬಂದು ನಿಂತಿತ್ತು. ಡ್ರೈವರು ಒಮ್ಮೆ ಹಾರ್ನ್ ಒತ್ತಿ, ಸಾವಿನ ಮನೆಯೆಂದು ನೆನಪಾಗಿ ಸುಮ್ಮನಾದ.

ಅಷ್ಟರಲ್ಲಿ ಗಂಡನ ವೆಲ್ಡಿಂಗ್ ಅಂಗಡಿಯ ಜೊತೆಗಾರ ಓಡಿಹೋಗಿ ಸಣ್ಣ ಕಟಿಂಗ್ ಮೆಷಿನ್ ತಂದಿದ್ದ. ಟಾರ್ಚಿನಷ್ಟು ಗಾತ್ರ, ತುದಿಯಲ್ಲಿ ಕೋಟಿನ ಗುಂಡಿಯಂಥ ತೆಳು ಬಿಲ್ಲೆ. ಅವಳ ಗಂಡ ಇವನಿಗೆ ಇಟ್ಟ ಹೆಸರು ಅವಸರಪ್ಪ. ಕೂತವನೇ ಸ್ವಿಚ್ಚಿಗೆ ಬೆರಳಿಟ್ಟ.

"ಕನ್ನಡಕ," ಅಂದಳು.

"ಎರಡು ನಿಮಿಷದ ಕೆಲ್ಸ, ಅತ್ತಿಗೆ."

"ಎರಡು ನಿಮಿಷದ ಕೆಲ್ಸದಲ್ಲೇ ಕಣ್ಣು ಹೋಗೋದು ಅಂತ ಅವ್ರು ಹೇಳ್ತಿದ್ರು."

ಅವನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ.

*

ಮದುವೆಯಾದ ಹೊಸತರಲ್ಲಿ ಗಂಡ ಅಡುಗೆಮನೆಯ ಕಂಬಿ ಕತ್ತರಿಸುತ್ತಿದ್ದಾಗ ಅವಳು ಟೀ ಹಿಡಿದು ಎದುರಿಗೇ ನಿಂತಿದ್ದಳು. ಅವನು ಮೆಷಿನ್ ಆರಿಸಿ, ತೋಳು ಹಿಡಿದು ಅವಳನ್ನು ಪಕ್ಕಕ್ಕೆ ಸರಿಸಿದ. ಉಂಗುರ ಮೊದಲೇ ಬಿಚ್ಚಿ ಸಕ್ಕರೆ ಡಬ್ಬಿಯ ಮೇಲಿಟ್ಟಿದ್ದ.

"ಬಿಲ್ಲೆ ನೇರಕ್ಕೆ ನಿಲ್ಬೇಡ. ಒಡೆದ್ರೆ ಆ ದಾರೀಲೇ ಬರುತ್ತೆ."

"ಇಷ್ಟು ಭಯ ಇರೋರಿಗೆ ಈ ಕೆಲ್ಸ ಯಾಕೆ?"

"ಭಯ ಇರೋದಕ್ಕೇ ಇವು ಇರೋದು," ಎಂದು ಹತ್ತೂ ಬೆರಳು ಚಾಚಿ ತೋರಿಸಿದ. ಒಂದರ ಮೇಲೂ ಗಾಯದ ಗುರುತಿರಲಿಲ್ಲ. ಅವನಿಗಿದ್ದ ಜಂಬ ಅದೊಂದೇ.

*

ಅವಸರಪ್ಪ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅಂಚಿನಲ್ಲಿ ಕೂದಲೆಳೆಯಂಥ ಬಿರುಕು. ಅದನ್ನು ಮುರಿದು ಜೇಬಿಗೆ ಹಾಕಿಕೊಂಡು ಬೇರೆಯದನ್ನು ಸಿಕ್ಕಿಸಿದ. ಉಂಗುರದಡಿ ತೆಳು ತಗಡು ತೂರಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ಬೇಗ ಮುಗಿಸೋ ಮಾರಾಯ," ಅಂದರು ಭಾವ. "ಅವನಿಗೇನು ಈಗ ನೋವಾಗುತ್ತಾ?"

"ಗೀರು ಬೀಳ್ಬಾರ್ದು, ಭಾವ. ಹತ್ತೂ ಬೆರಳು ಹಾಗೇ ಹೋಗ್ಬೇಕು," ಅಂದಳು ಅವಳು.

ಭಾವ ತಲೆ ತಗ್ಗಿಸಿ, ತಮ್ಮನ ಮಣಿಕಟ್ಟನ್ನು ಎರಡೂ ಕೈಯಿಂದ ಅಲುಗಾಡದಂತೆ ಹಿಡಿದರು.

ಅವಸರಪ್ಪ ಮೆಷಿನ್ನನ್ನು ಗೋಡೆಯ ಕಡೆ ತಿರುಗಿಸಿ ಒಂದು ನಿಮಿಷ ಬರಿದೇ ಓಡಿಸಿದ. ಅವಳು ಅತ್ತೆಯ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ಉಂಗುರ ಬಿಸಿಯಾಗದಂತೆ ಅವನು ಮುಟ್ಟಿಸಿ ತೆಗೆದ, ಮುಟ್ಟಿಸಿ ತೆಗೆದ. ಚಾದರದ ಮೇಲೆ ಹಳದಿ ಪುಡಿ ಉದುರಿತು. ಕೊನೆಗೆ ಟಿಕ್ಕೆಂದು ಉಂಗುರ ಬಾಯಿ ಬಿಟ್ಟಿತು.

ಅವಳು ಬಗ್ಗಿ ನೋಡಿದಳು. ಬೆರಳಿನ ಸುತ್ತ ಒಂದು ತಗ್ಗು, ಅಷ್ಟೆ.

ಅತ್ತೆ ಉಂಗುರಕ್ಕೆ ಕೈ ಚಾಚಿದರು.

"ತಡೀರಿ ಅಮ್ಮಾ," ಅಂದ ಅವಸರಪ್ಪ.

ಸ್ವಿಚ್ ಆರಿದ ಮೇಲೂ ಬಿಲ್ಲೆ ಸುತ್ತುತ್ತಿತ್ತು. ಅವನು ಮೆಷಿನ್ನನ್ನು ಎಲ್ಲರಿಂದ ದೂರಕ್ಕೆ, ಗಾಳಿಯಲ್ಲಿ ಹಿಡಿದುಕೊಂಡ. ಹೊರಲು ಬಂದವರು ಬಾಗಿಲಲ್ಲೇ ನಿಂತರು. ಅದು ಪೂರ್ತಿ ನಿಲ್ಲುವ ತನಕ ಕೋಣೆಯಲ್ಲಿ ಯಾರೂ ಕದಲಲಿಲ್ಲ.